ಎಪ್ಪತ್ತೈದು ಕಿಲೋದ ಪೈಲಟ್

ಇಪ್ಪತ್ತು ವರ್ಷ ಗಡಿ ಕಾದ ಫೈಟರ್ ವಿಮಾನಕ್ಕೆ ನಿವೃತ್ತಿಯ ಮೇಲೆ ಸಿಕ್ಕ ಕೆಲಸ ಗುಂಡು ತಿನ್ನುವುದು. ಪೈಲಟ್ ಬದಲು ಒಂದು ಪೆಟ್ಟಿಗೆ ಕೂರಿಸಿ, ನೆಲದಿಂದ ರೇಡಿಯೋದಲ್ಲಿ ಹಾರಿಸಿದರೆ, ಎಳೆಯ ಪೈಲಟ್‌ಗಳು ಅದಕ್ಕೆ ಹೊಡೆದು ಗುರಿ ಕಲಿಯುತ್ತಾರೆ. ೧೯೮೪ರಲ್ಲಿ ಆ ಪೆಟ್ಟಿಗೆ ಕೂರಿಸುವ ಗುತ್ತಿಗೆ ಠಾಣೆ ಹತ್ತಿರದ ಮಹಾಪೆಯ ಮಧ್ವರಾಜ ರಾಯರಿಗೆ ಹೇಗೆ ಬಂತೋ ಯಾರೂ ಕೇಳಲಿಲ್ಲ. ಅಲ್ಲಿಯವರೆಗೆ ಅವರು ಹೋಟೆಲುಗಳಿಗೆ ಇಡ್ಲಿ ಸ್ಟೀಮರ್ ಮಾಡಿಕೊಡುತ್ತ, ಕರೆಂಟಿನ ಗ್ರೈಂಡರ್ ಕೊಟ್ಟು ಹಳೇ ಕಡೆಯುವ ಕಲ್ಲು ವಾಪಸು ಪಡೆಯುತ್ತ ಸುಖವಾಗಿದ್ದರು.

ಟೈಪಿಸ್ಟ್ ದಮಯಂತಿ ಬಿ.ಎ. ಡೊಂಬಿವಲಿಯಿಂದ ಲೋಕಲ್ ರೈಲು, ಠಾಣೆಯಿಂದ ಬಸ್ಸು. ದಾರಿಯಲ್ಲೂ ಮಾತಿಲ್ಲ, ಆಫೀಸಿನಲ್ಲೂ ಇಲ್ಲ. ಬಂದ ಟಪಾಲು ಓದುವವಳು ಅವಳೊಬ್ಬಳೇ. ರಾಯರು ಸಹಿ ಹಾಕುತ್ತಿದ್ದರು, ಅಷ್ಟೆ.

ಶೆಡ್ಡಿನಲ್ಲಿ ನಿಂತ ಮೊದಲ ವಿಮಾನ ನೋಡಲು ನಾಳೆ ವಾಯುಪಡೆಯ ಅಧಿಕಾರಿಗಳು ಬರುವವರು. ಪೆಟ್ಟಿಗೆ ಕೂತದ್ದು ಸೀಟಿನ ಹಿಂದೆ; ಖಾಲಿ ಸೀಟಿನಲ್ಲಿ ಪೈಲಟ್‌ನ ಎಪ್ಪತ್ತೈದು ಕಿಲೋ ಇದ್ದರಷ್ಟೇ ವಿಮಾನದ ಮೂಗು ಸಮ ನಿಲ್ಲುತ್ತದೆ, ಅದನ್ನು ತೋರಿಸಬೇಕು.

"ಭಾವ, ತೂಕದ ಕಬ್ಬಿಣ ತರಿಸುವುದಾ?" ಎಂದ ರಾಯರ ಭಾವಮೈದ, ಸೂಪರ್‌ವೈಸರ್ ವಿಷ್ಣುಮೂರ್ತಿ.

"ಎಂಥ ಮಾರಾಯ! ಮಾಪಣ್ಣ ಇದ್ದಾನಲ್ಲ. ಅವ ಎಪ್ಪತ್ತೈದೇ ಇರುವುದು. ಹತ್ತಿಸಿ ಕೂರಿಸು."

ಗುಲ್ಬರ್ಗಾ ಕಡೆಯ ಹಮಾಲ ಮಾಪಣ್ಣ ಉಬ್ಬಿಹೋಗಿ ದಮಯಂತಿಗೆ ಹೇಳಿದ. "ನಮ್ಮೂರಾಗ ಟಾಂಗಾದಾಗೂ ನನಗ ಮುಂದ ಕೂಡ್ಸಿಲ್ರಿ ಅಕ್ಕಾರ. ನಾಳಿ ನಾನ ಪೈಲಟ್!"

ದಮಯಂತಿ ಟಪಾಲಿನ ಫೈಲು ತೆಗೆದಳು. ಹೋದ ವಾರವೇ ವಾಯುಪಡೆಯ ಕಾಗದ ಬಂದಿತ್ತು. ಅಪಾಯವಾದರೆ ಪೈಲಟ್‌ನನ್ನು ಸೀಟಿನ ಸಮೇತ ಮೇಲಕ್ಕೆಸೆಯಲು ಅಡಿಯಲ್ಲಿ ಸಿಡಿಮದ್ದು ಇರುತ್ತದೆ. ಅದನ್ನು ತೆಗೆದ ಪ್ರಮಾಣಪತ್ರ 'ತರುವಾಯ ಕಳಿಸಲಾಗುವುದು.' ಆ ತರುವಾಯ ಇನ್ನೂ ಬಂದಿರಲಿಲ್ಲ. ಮಾಪಣ್ಣನ ಕೈ ತಪ್ಪಿ ಯಾವ ಹಿಡಿಕೆಗೆ ಬಿದ್ದರೂ ಅವನು ಮಾಡಿನ ಸಿಮೆಂಟ್ ಶೀಟು ಒಡೆದುಕೊಂಡು ಹೋಗುವವನು. ಕಾಗದವನ್ನು ರಾಯರ ಮುಂದಿಟ್ಟಳು. ಅವರು ಅದರ ಮೇಲೆ ಚಹಾದ ಕಪ್ಪಿಟ್ಟರು.

"ಸರ್, ಸೀಟಿನ ಅಡಿಯಲ್ಲಿ..."

"ಕಸ ಇದ್ದರೆ ಗುಡಿಸಲಿಕ್ಕೆ ಹೇಳು."

ಅಷ್ಟಕ್ಕೇ ಅವಳ ಮಾತು ಮುಗಿಯಿತು. ಆದರೆ ಟೈಪ್‌ರೈಟರಿಗೆ ನಾಚಿಕೆಯಿಲ್ಲ.

ಮರುದಿನ ಮಾಪಣ್ಣ ಒಗೆದ ಅಂಗಿ ತೊಟ್ಟು ಏಣಿಯ ಮೇಲೆ ಒಂದು ಕಾಲಿಟ್ಟಿದ್ದ. ದಮಯಂತಿ ತಾನೇ ಟೈಪು ಮಾಡಿದ ಫಾರ್ಮು ರಾಯರಿಗೆ ಚಾಚಿದಳು: ಸೀಟಿನಲ್ಲಿ ಕೂತವರ ಹೆಸರು, ಹಾಜರಿ ಪುಸ್ತಕದ ಮಸ್ಟರ್ ನಂಬರ್.

"ಮಾಪಣ್ಣ ಅಂತ ಬರೆ."

"ಅವನು ಮಸ್ಟರಿನಲ್ಲಿಲ್ಲ ಸರ್. ಹೊರಗಿನ ಕೂಲಿಯವರ ಹೆಸರು ಸರ್ಕಾರಿ ಕಾಗದಕ್ಕೆ ಬರಬಾರದು ಅಂತ ನೀವೇ ಹೇಳಿದ್ದು." ಅವಳು ಹಾಜರಿ ಪುಸ್ತಕ ತೆರೆದಳು. "ಮಸ್ಟರಿನಲ್ಲಿ ಇರುವುದು ಮೂರೇ ಹೆಸರು. ನಾನು ನಲವತ್ತೆರಡು ಕಿಲೋ. ಉಳಿದವರು ನೀವು ಮತ್ತು ವಿಷ್ಣುಮೂರ್ತಿ ಸರ್." ಜೊತೆಗೆ ಚಹಾದ ಉಂಗುರ ಬಿದ್ದ ಕಾಗದವನ್ನೂ ಇಟ್ಟಳು.

ತಾವೇ ಕೂರಬೇಕಾಗಿ ಬಂದದ್ದರಿಂದ ರಾಯರು ಆ ಕಾಗದ ಓದಿದರು. ಎರಡು ಸಲ ಓದಿದರು.

"ಭಾವ, ನನಗೆ ಬೆಳಗ್ಗಿನಿಂದ ಹೊಟ್ಟೆ ಸರಿ ಇಲ್ಲ," ಎಂದ ವಿಷ್ಣುಮೂರ್ತಿ.

"ಏ ಮಾಪಣ್ಣ, ಇಳಿಯಾ! ಹಿಂದೆ ಬಿದ್ದ ಕಡೆಯುವ ಕಲ್ಲು ತಾ!"

ಕಲ್ಲೂ ಅದರ ಗುಂಡೂ ಸೇರಿ ಸರಿಯಾಗಿ ಎಪ್ಪತ್ತೈದು ತೂಗಿದವು. ಅಧಿಕಾರಿಗಳು ಬಂದಾಗ ರಾಯರೇ ಎದೆಯುಬ್ಬಿಸಿ ಕಾಗದ ತೋರಿಸಿ, "ಸೇಫ್ಟಿ ವಿಷಯದಲ್ಲಿ ನಾವು ಭಾರೀ ಕಟ್ಟುನಿಟ್ಟು," ಎಂದರು. ಜೊತೆಗೆ ಬಂದ ಮೆಕ್ಯಾನಿಕ್ ಸೀಟಿನಡಿಯಿಂದ ಎರಡು ಮದ್ದಿನ ಕೊಳವೆ ಹೊರತೆಗೆದ. ಎರಡೂ ಇನ್ನೂ ಸಿಡಿಯುವಂಥವು, ಸೀಟು ಮಾಡು ಒಡೆದುಕೊಂಡು ಹೋಗುತ್ತಿತ್ತು ಎಂದ. ಮಾಪಣ್ಣ ಕತ್ತೆತ್ತಿ ಮಾಡನ್ನೇ ನೋಡುತ್ತ ನಿಂತ.

"ಅಕ್ಕಾರ, ಶೀಟ್ ಒಡದಿದ್ರ ನನ್ನ ಪಗಾರದಾಗ ಹಿಡೀತಿದ್ರೇನ್ರಿ?"

ಚೈನ್ ಪುಲ್ಲಿಯಿಂದ ಇಳಿದ ಕಲ್ಲು ಸೀಟಿನಲ್ಲಿ ಗಂಭೀರವಾಗಿ ಕೂತಿತು. ವಿಮಾನದ ಮೂಗು ಸಮನಾಯಿತು. ಅಧಿಕಾರಿ ಮೆಚ್ಚಿ ಕಲ್ಲಿಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆಸಿದರು, ಅದು ವಿಮಾನದ ಕಾಯಂ ಭಾಗವೆಂದು ದಾಖಲಿಸಲು ಹೇಳಿದರು.

"ನಾಕು ವರ್ಸ ಆತ್ರಿ ನಾ ಬಂದು," ಎಂದ ಮಾಪಣ್ಣ. "ಕಲ್ಲು ಇವತ್ತ ಒಳಗ ಬಂತು, ಇವತ್ತ ಕಾಯಂ ಆತು."

ದಮಯಂತಿ ಒಳಗೆ ಹೋಗಿ ಟೈಪು ಮಾಡಿದಳು: 'ಕಲ್ಲು ಒಂದು, ಕಾಯಂ. ಅದನ್ನು ಎತ್ತಿ ಇಳಿಸಲು ಮಾಪಣ್ಣ, ಕಾಯಂ, ಮಸ್ಟರ್ ನಂಬರ್ ೪.' ಅಧಿಕಾರಿ ಓದಿ ಸಹಿ ಹಾಕಿದರು.

ರಾಯರು ಎಂದಿನಂತೆ ಓದದೆ ಹಾಕಿದರು.