ಅಣ್ಣ ಓದಿದ ಮೇಲ್

ಸತ್ತವರ ಹೆಸರಿನಲ್ಲಿ ವ್ಯವಹಾರ ಮಾಡಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಕಾಣೆ. ಬರೆದಿದ್ದರೂ ತಣಿಸಂದ್ರದ ಆ ಮನೆಯವರು ಕೇಳುವ ಪೈಕಿಯಲ್ಲ. ರಾಗಿ ಹೊಲವನ್ನು ಲೇಔಟ್ ಮಾಡಿ ಸೈಟು ಮಾರಿದವನು ಹಿರಿಯ ಮಗ ಚನ್ನಕೇಶವ. ಕೊಂಡವರೆಲ್ಲ ಕಾಗದಕ್ಕಿಂತ ಅವನ ಮಾತನ್ನು ನಂಬಿ ಕೊಂಡಿದ್ದರು. ಹೆಬ್ಬಾಳದ ಫ್ಲೈಓವರ್ ಮೇಲೆ, ನಿಂತ ಟ್ರಾಫಿಕ್ಕಿನಲ್ಲಿ, ಸ್ಟೇರಿಂಗಿಗೆ ತಲೆಯಾನಿಸಿ ಅವನು ಹೋಗಿಬಿಟ್ಟ ಮೇಲೂ ಆಫೀಸಿನ ಮೇಲ್‌ಗಳು ಅವನ ಹೆಸರಿನಲ್ಲೇ ಹೋಗುತ್ತಿದ್ದವು. ಬರೆಯುವವನು ತಮ್ಮ ನಂದಕುಮಾರ್.

"ದೊಡ್ಡೋನ್ ಎಸ್ರು ಇರ್ಲಿ ಬಿಡ್ಲಾ, ಜನ ಬರೋದು ಆ ಎಸ್ರಿಗೆ" ಎಂದು ತಾಯಿ ಮುನಿಕೆಂಪಮ್ಮ ಹೇಳಿದ್ದರು. ಸೊಸೆಯ ಕಿವಿಗೆ ಮಾತ್ರ ಇದು ಬಿದ್ದಿರಲಿಲ್ಲ. ನಂದನಿಗೂ ಅದು ಒಳ್ಳೆಯದೇ ಆಗಿತ್ತು. ಹೂಂ ಅಂದರೂ ಊಹೂಂ ಅಂದರೂ ಅಣ್ಣನ ತಲೆಗೆ. ತಾನು ಸ್ವಂತ ಬಾಯಲ್ಲಿ ಒಂದು ಮಾತು ಕೊಟ್ಟು ವರ್ಷವೇ ಆಗಿತ್ತು.

ಹಳೆಯ ಮೇಲ್ ಪ್ರೋಗ್ರಾಮಿನಲ್ಲಿ ಇದಕ್ಕೆಲ್ಲ ಅನುಕೂಲವಿತ್ತು. ಅಣ್ಣನಿಗೆ ಬಂದದ್ದು ಹಸಿರು ಪೆಟ್ಟಿಗೆಗೆ, ತನಗೆ ಬಂದದ್ದು ನೀಲಿ ಪೆಟ್ಟಿಗೆಗೆ. ಕಳಿಸಿದವರು 'ಓದಿದರೆ ತಿಳಿಸಿ' ಎಂದು ಗುರುತು ಹಾಕಿದ್ದರೆ, 'ಓದಿದಿರೆಂದು ತಿಳಿಸಲೇ?' ಎಂದು ಅದು ಮರ್ಯಾದೆಯಿಂದ ಕೇಳುತ್ತಿತ್ತು. ನಂದ ತಪ್ಪದೆ 'ಬೇಡ' ಒತ್ತುತ್ತಿದ್ದ. ಓದಿದ್ದೇನೆಂದು ಒಪ್ಪಿಕೊಂಡರೆ ಉತ್ತರ ಕೊಡಬೇಕಲ್ಲ!

ಶ್ರಾವಣದ ಒಂದು ಬೆಳಿಗ್ಗೆ ನೋಡಿದರೆ ಆ ಪ್ರೋಗ್ರಾಮು ತನ್ನಷ್ಟಕ್ಕೆ ತಾನೇ ಹೊಸ ರೂಪ ಹಾಕಿಕೊಂಡು ಕೂತಿತ್ತು. ಸುಣ್ಣ ಹೊಡೆದ ಖಾಲಿ ಮನೆಯ ಹಾಗೆ ಬೆಳ್ಳಗೆ. ಬಣ್ಣವಿಲ್ಲ, ಪೆಟ್ಟಿಗೆಯಿಲ್ಲ, ಸತ್ತವನದೂ ಬದುಕಿದವನದೂ ಒಂದೇ ಸಾಲಿನಲ್ಲಿ ಸುರಿದಿದ್ದವು. ನಂದ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದ.

"ಆ ಆಪ್ಷನ್ನೆಲ್ಲ ತೆಗ್ದಾಕವ್ರೆ ಗುರು. ವಾಪಸ್ ಹೋಗಕ್ಕಾಗಲ್ಲ, ಅಡ್ಜಸ್ಟ್ ಮಾಡ್ಕೊ" ಎಂದ ಅವನು.

ಹಳೇ ಗಂಡನ ಪಾದವೇ ಗತಿ ಎನ್ನುವ ಸಮಾಧಾನವನ್ನೂ ಈ ಕಂಪ್ಯೂಟರಿನವರು ಉಳಿಸಲಿಲ್ಲ. ನಂದ ಬೈಯುತ್ತಲೇ ಒಂದೊಂದನ್ನೂ ತೆರೆದು, ಯಾರಿಗೆ ಬಂದದ್ದೆಂದು ಇಣುಕಿ ನೋಡುವುದನ್ನು ರೂಢಿ ಮಾಡಿಕೊಂಡ.

ಅದೇ ವಾರ ಒಂದು ಮಧ್ಯಾಹ್ನ ಸಾಲಿನ ಮೇಲ್ಗಡೆ ಅತ್ತಿಗೆ ಶಿಲ್ಪಳ ಹೆಸರು ಕಂಡಿತು. ಗಂಗಾನಗರದ ಶಾಲೆಯೊಂದರಲ್ಲಿ ಟೀಚರಾಗಿದ್ದ ಅತ್ತಿಗೆ ಕರೆಂಟ್ ಬಿಲ್ಲು, ಅಮ್ಮನ ಮಾತ್ರೆ ಎಂದು ಅವನಿಗೆ ಆಗಾಗ ಬರೆಯುವುದಿತ್ತು. ತನಗೇ ಇರಬೇಕೆಂದು ತೆರೆದ.

'ರೀ, ನಮ್ ಸ್ಕೂಲಿನ ಬಾಲರಾಜ್ ಮೇಷ್ಟ್ರು ಮದುವೆ ಆಗ್ತೀರಾ ಅಂತ ಕೇಳಿದಾರೆ. ನನಗೂ ಇಷ್ಟ ಇದೆ. ವರ್ಷದ ತಿಥಿಯಲ್ಲಿ ಎಡೆ ಇಟ್ಟು ನಿಮ್ಮನ್ನೇ ಕೇಳಿದೆ, ಕಾಗೆ ಮುಟ್ಟಲಿಲ್ಲ. ಇನ್ನೆಲ್ಲಿ ಕೇಳಬೇಕೋ ಗೊತ್ತಾಗದೆ ಇಲ್ಲಿ ಕೇಳ್ತಿದೀನಿ. ಹೂಂ ಅನ್ನಲಾ?'

ಗಂಡ ಹೆಂಡಿರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದಂತಾಯಿತು. ಮುಚ್ಚಬೇಕೆನ್ನುವಷ್ಟರಲ್ಲಿ ಕೆಳಗೆ ಬೂದು ಅಕ್ಷರಗಳು ಮೂಡಿದವು: 'ಚನ್ನಕೇಶವ ಓದಿದ್ದಾರೆಂದು ಶಿಲ್ಪ ಅವರಿಗೆ ತಿಳಿಸಲಾಗಿದೆ.'

ಕೇಳಲೇ ಇಲ್ಲ! 'ಬೇಡ' ಎಲ್ಲಿ ಹೋಯಿತೆಂದು ನಂದ ಹುಚ್ಚನಂತೆ ಹುಡುಕಿದ. ಹೋದದ್ದು ಹೋಗಿತ್ತು. ಬೆನ್ನ ಹಿಂದೆ ಯಾರೋ ಬಗ್ಗಿ ತಾನೂ ಓದುತ್ತಿರುವ ಹಾಗನ್ನಿಸಿ ಕತ್ತಿನ ಕೂದಲು ನಿಮಿರಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಸಂಜೆ ಮನೆಗೆ ಬಂದರೆ ಶಿಲ್ಪ ಬಸ್ಸಾರು ಮಾಡಿ, ಚನ್ನಕೇಶವ ಕೂರುತ್ತಿದ್ದ ಜಾಗದಲ್ಲಿ ತಟ್ಟೆ ಹಾಕಿದ್ದಳು. ಮುನಿಕೆಂಪಮ್ಮ ತಟ್ಟೆಯನ್ನೂ ಸೊಸೆಯನ್ನೂ ನೋಡಿ, ಉಣ್ಣದೆ ಎದ್ದು ಹೋದರು. ಶಿಲ್ಪ ನಂದನ ಹತ್ತಿರ ಬಂದು ಪಿಸುಗುಟ್ಟಿದಳು.

"ನಿಮ್ಮಣ್ಣಂಗೆ ಒಂದು ವಿಷ್ಯ ಕೇಳಿ ಬರ್ದಿದ್ದೆ ನಂದ. ಓದಿದ್ರು. ನನ್ನಾಣೆ, ಓದಿದಾರೆ ಅಂತ ಬಂತು."

"ಅತ್ತಿಗೆ..."

"ಉತ್ತರ ಮಾತ್ರ ಇಲ್ಲ. ಅವ್ರು ಹೂಂ ಅನ್ನೋದಾದ್ರೆ ತಕ್ಷಣ ಅನ್ನೋರು. ಸುಮ್ನಾದ್ರು ಅಂದ್ರೆ ಬೇಡ ಅಂತ್ಲೇ. ನಾಳೆ ಮೇಷ್ಟ್ರಿಗೆ ಆಗಲ್ಲ ಅಂತ ಹೇಳ್ಬಿಡ್ತೀನಿ."

ಅವಳ ಮುಖದಲ್ಲಿ ಸಂತೋಷವೂ ಇತ್ತು, ಅದನ್ನು ನೋಡಲಾಗುತ್ತಿರಲಿಲ್ಲ. ನಂದ ತಲೆ ತಗ್ಗಿಸಿ ಮುದ್ದೆ ಮುರಿಯುತ್ತ ಕೂತ. ಹೇಡಿ, ಇನ್ನೇನು.

ಬೆಳಗಾಗುತ್ತಲೇ ಆಫೀಸಿಗೆ ಓಡಿದ. ಉಪಾಯ ಸುಲಭವಿತ್ತು. ಅಣ್ಣನ ಹೆಸರಿನಿಂದ 'ಹೂಂ' ಎಂದು ಟೈಪ್ ಮಾಡಿದ. ಕೆಳಗೆ ತಾನಾಗಿಯೇ 'ಇಂತಿ, ಚನ್ನಕೇಶವ' ಎಂದು ಬಂದು ಕೂತಿತು. ವರ್ಷವಿಡೀ ಕಂಡ ಸಾಲು. ಈಗ ಆ ಹೆಸರು ತನ್ನನ್ನೇ ದಿಟ್ಟಿಸುತ್ತಿತ್ತು. ಅಣ್ಣನ ಹೆಸರಲ್ಲಿ ಸೈಟು ಮಾರಿದ್ದಾಯಿತು, ಅಣ್ಣನ ಹೆಂಡತಿಯನ್ನು ಕಳಿಸಿಕೊಡುವುದು ಹೇಗೆ? ಅಳಿಸಿ, ಬಾಗಿಲಿಗೆ ಬೀಗವನ್ನೂ ಹಾಕದೆ ಮನೆಗೆ ಓಡಿದ.

ಶಿಲ್ಪ ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು.

"ಅತ್ತಿಗೆ, ಅದು ಓದಿದ್ದು ಅಣ್ಣ ಅಲ್ಲ. ನಾನು. ನಂಗೆ ಬಂದಿದ್ದು ಅನ್ಕೊಂಡು ತೆಗ್ದೆ. ಆ ಹೊಸಾದು ನನ್ನ ಕೇಳ್ದೇನೆ ತಿಳಿಸ್ಬಿಡ್ತು."

ಶಿಲ್ಪ ಮೆಟ್ಟುತ್ತಿದ್ದ ಚಪ್ಪಲಿಯನ್ನು ಅರ್ಧಕ್ಕೇ ಬಿಟ್ಟಳು. "ಹಂಗಾದ್ರೆ ಅವ್ರು ಓದೇ ಇಲ್ಲ" ಎಂದು ಮೆಟ್ಟಿಲ ಮೇಲೆ ಕುಸಿದಳು. ಹೆಣದ ಮುಂದೆಯೂ ಹಾಗೆ ಅತ್ತಿರಲಿಲ್ಲ ಅವಳು. ತಾನೇ ಅಣ್ಣನನ್ನು ಎರಡನೇ ಸಲ ಸಾಯಿಸಿದೆ ಎಂದು ನಂದನಿಗೆ ಅನ್ನಿಸಿತು.

ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಕೇಳಿದಳು. "ಓದಿದೋನು ನೀನು ತಾನೆ? ನೀನೇ ಹೇಳು. ಏನನ್ಲಿ ನಾನು?"

ಅಣ್ಣನ ಕೇಳೋಣ ಎನ್ನುವ ಮಾತು ರೂಢಿಯಂತೆ ಗಂಟಲಿಗೆ ಬಂತು. ಅದನ್ನು ನುಂಗಿಕೊಂಡ.

"ಹೂಂ ಅನ್ನಿ ಅತ್ತಿಗೆ. ಅಮ್ಮಂಗೆ ನಾನ್ ಹೇಳ್ತೀನಿ."

ದನಿ ಅವನಿಗೇ ಗುರುತು ಸಿಗದಷ್ಟು ದಪ್ಪಗೆ ಹೊರಟಿತು. ಶಿಲ್ಪ ತಲೆಯಾಡಿಸಿ, ಬ್ಯಾಗು ಹೆಗಲಿಗೇರಿಸಿಕೊಂಡು ಗೇಟು ದಾಟಿದಳು. ಒಳಗಡೆ ಪಾತ್ರೆ ಬಿದ್ದ ಸದ್ದಾಯಿತು. ಗೋಡೆ ಹಿಡಿದುಕೊಂಡು ಮುನಿಕೆಂಪಮ್ಮ ಬಾಗಿಲಿಗೆ ಬಂದರು.

"ದೊಡ್ಡೋನು ಮಾತಾಡ್ದಂಗಾಯ್ತಲ್ಲ, ಯಾರದು?"

"ನಾನಮ್ಮ" ಎಂದ ಅವನು, "ನಂದ."