ನಿನ್ನೆಯ ಸಾರು

ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಬಡಿದ ವಾಸನೆ ಮೀನಿನದ್ದಲ್ಲ. ಮೀನು ಹಳಸಿದರೆ ಹೇಗೆ ನಾರುತ್ತದೆಂದು ತಲ್ಲೂರಿನಲ್ಲಿ ಹುಟ್ಟಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ಬೇರೆಯೇ. ಒಣಗದೆ ಉಳಿದ ನೆಲ ಒರೆಸುವ ಬಟ್ಟೆ, ಹುಳಿತ ಕಾಯಿತುರಿ, ಗೋಡೆಯ ಸಂದಿನಲ್ಲಿ ಸತ್ತ ಇಲಿಯನ್ನು ಕಡ್ಡಿಯಿಂದ ಎಳೆಯುವಾಗ ಗಂಟಲಿಗೆ ಅಂಟಿಕೊಳ್ಳುವ ಸಿಹಿ ಕಮಟು, ಎಲ್ಲ ಸೇರಿ ಒಂದೇ ಉಗಿಯಾಗಿ ಮೇಲೆದ್ದಂತಿತ್ತು. ಉಮಾನಾಥ ಶೆಟ್ಟರು ಮುಖ ತಿರುಗಿಸಲಿಲ್ಲ. ಮಡಕೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡರು. ವಾಸನೆ, ಎಂದುಕೊಂಡರು. ಬರೀ ವಾಸನೆ. ಬಂದಿದೆ, ಹೋಗುತ್ತದೆ.

ಅದು ಹೋಗಲಿಲ್ಲ. ಮೀಸೆಯಲ್ಲಿ ಕೂತುಕೊಂಡು ಅವರ ಜೊತೆಗೇ ಗಲ್ಲಾಪೆಟ್ಟಿಗೆಯವರೆಗೂ ಬಂತು.

"ಹ್ವಾಯ್, ಧ್ಯಾನ ಮುಗಿತಾ?" ಹೆಂಡತಿ ಕುಸುಮಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. "ಮುಗಿದಿದ್ರೆ ಅದನ್ನ ಹೊರಗ್ ಚೆಲ್ಲಿ ಬನ್ನಿ. ಬೆಕ್ಕ್ ಸೈತ ಒಳಗ್ ಬಪ್ಪುದ್ ಬಿಟ್ಟಿತ್."

"ಅಪ್ಪಯ್ಯನ ಸಾರ್ ಅದ್."

"ಅಪ್ಪಯ್ಯ ಹೋಯಿ ಎಷ್ಟೋ ವರ್ಷ ಆಯ್ತ್. ಸಾರಿಗೆ ಅದ್ ಗೊತ್ತಿತ್. ನಿಮ್ಗ್ ಗೊತ್ತಿಲ್ಲ."

ಹೆದ್ದಾರಿಯ ಬದಿಯ ಆ ಊಟದ ಹೋಟೆಲನ್ನು ಕಟ್ಟಿದವರು ಉಮಾನಾಥರ ತಂದೆ ಮಂಜಯ್ಯ ಶೆಟ್ಟರು. ಮುಂಬೈಯಲ್ಲಿ ಬೇರೆಯವರ ಹೋಟೆಲಿನ ಒಲೆ ಕಾದು ಸಾಕಾಗಿ, ಊರಿಗೆ ಬಂದು ಸ್ವಂತದ್ದು ತೆರೆದಿದ್ದರು. ನಿನ್ನೆಯ ಮೀನುಸಾರು ಇವತ್ತಿನದ್ದಕ್ಕಿಂತ ರುಚಿ ಎಂಬುದು ಕುಂದಾಪುರದ ಕಡೆಯ ಪ್ರತಿ ಮನೆಗೂ ಗೊತ್ತಿರುವ ಮಾತು. ಮಂಜಯ್ಯ ಶೆಟ್ಟರು ಅದನ್ನೇ ಹೋಟೆಲಿನ ಪದ್ಧತಿ ಮಾಡಿದರು. ದಿನದ ಕೊನೆಗೆ ಮಣ್ಣಿನ ಮಡಕೆಯ ತಳದಲ್ಲಿ ಒಂದಿಷ್ಟು ಸಾರು ಉಳಿಸುವುದು, ಮರುದಿನದ ಹೊಸ ಸಾರನ್ನು ಅದರ ಮೇಲೆಯೇ ಹೊಯ್ಯುವುದು. ಹೀಗೆ ಮಡಕೆ ಎಂದೂ ಬರಿದಾಗಲಿಲ್ಲ. ಮಡಕೆ ಸೀಳು ಬಿಟ್ಟಾಗ ಹೊಸ ಮಡಕೆ ತಂದರು. ಸಾರು ಮಾತ್ರ ಹಳತರಿಂದ ಹೊಸತಕ್ಕೆ ದಾಟಿ ಮುಂದುವರಿಯಿತು.

ಆದರೆ ಮಂಜಯ್ಯ ಶೆಟ್ಟರು ಅದನ್ನು ತೆಂಗಿನ ಸಿಪ್ಪೆಯ ಬೆಂಕಿಯ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕುದಿಸುತ್ತಿದ್ದರು. ಉಪ್ಪು, ಹುಳಿ, ಖಾರ ಮೂರನ್ನೂ ಧಾರಾಳವಾಗಿ ಹಾಕುತ್ತಿದ್ದರು. ಹೆದ್ದಾರಿ ಅಗಲವಾದಾಗ ಹೋಟೆಲು ಹಿಂದೆ ಸರಿಯಿತು, ಹೆಂಚು ಹೋಗಿ ತಗಡು ಬಂತು, ಸಿಪ್ಪೆಯ ಒಲೆ ಹೋಗಿ ಗ್ಯಾಸ್ ಬಂತು. ಈಗಿನ ಗಿರಾಕಿಗಳಿಗೆ ಖಾರ ಆಗದು, ಹುಳಿ ಎದೆ ಉರಿಸುತ್ತದೆ. ಉಮಾನಾಥರು ಎರಡನ್ನೂ ಇಳಿಸಿದರು. ಗ್ಯಾಸ್ ಸುಮ್ಮನೆ ಉರಿಯುವುದು ಬೇಡವೆಂದು ದಿನಕ್ಕೆ ಒಮ್ಮೆ ಮಾತ್ರ ಕುದಿಸಿದರು. ಹಳೆಯದ್ದೆಲ್ಲ ಒಂದೊಂದಾಗಿ ಹೋಗುತ್ತಿದ್ದಂತೆ, ಉಳಿದ ಆ ಒಂದಿಷ್ಟು ಸಾರಿನ ಮೇಲೆ ಅವರ ಮೋಹ ಹೆಚ್ಚುತ್ತ ಹೋಯಿತು. ಅದನ್ನು ಚೆಲ್ಲಿದರೆ ಅಪ್ಪನನ್ನು ಎರಡನೆಯ ಸಲ ಸುಡುಗಾಡಿಗೆ ಒಯ್ದಂತೆ ಎಂದು ಒಮ್ಮೆ ಹೆಂಡತಿಯ ಹತ್ತಿರ ಹೇಳಿದ್ದರು.

ಇದರ ನಡುವೆ ರಕ್ತದೊತ್ತಡಕ್ಕೆಂದು ಬ್ರಹ್ಮಾವರದ ಧ್ಯಾನದ ಗುಂಪಿಗೆ ಹೋಗಲು ಶುರು ಮಾಡಿದರು. ಗುಂಪು ನಡೆಸುವ ಅಜಿತ್ ಎಂಬವರು ನಿವೃತ್ತ ಅಧ್ಯಾಪಕರು, ಬೌದ್ಧ ಗ್ರಂಥಗಳನ್ನು ಓದಿಕೊಂಡವರು. ಎಲ್ಲವೂ ಅನಿತ್ಯ, ಹಿಡಿದುಕೊಂಡಷ್ಟೂ ದುಃಖ, ಎಂದು ಅವರು ಮೆಲುದನಿಯಲ್ಲಿ ಹೇಳುತ್ತಿದ್ದರು. ನೋವು ಬಂದರೆ ನೋವು ಎಂದು ತಿಳಿಯಿರಿ, ನಾತ ಬಂದರೆ ನಾತ ಎಂದು ತಿಳಿಯಿರಿ, ಅದರ ಹಿಂದೆ ಓಡಬೇಡಿ, ಅದರಿಂದಲೂ ಓಡಬೇಡಿ. ಒಂದು ದಿನ ದೀಪದ ಉದಾಹರಣೆ ಕೊಟ್ಟರು. ಸಂಜೆ ಹಚ್ಚಿದ ದೀಪ ಬೆಳಗಿನವರೆಗೆ ಉರಿಯಿತು. ಬೆಳಗಿನ ಜ್ವಾಲೆ ಸಂಜೆಯದ್ದೂ ಅಲ್ಲ, ಬೇರೆಯದ್ದೂ ಅಲ್ಲ. ಉಮಾನಾಥರಿಗೆ ಮೈ ಜುಮ್ಮೆಂದಿತು. ಇದು ತಮ್ಮ ಮಡಕೆಯ ಕಥೆಯೇ! ಎದ್ದು ನಿಂತು ಸಾರಿನ ವಿಷಯ ಹೇಳಿದರು. ಅಜಿತರು ಸಂತೋಷಪಟ್ಟು, ಬಹಳ ಒಳ್ಳೆಯ ಉದಾಹರಣೆ ಎಂದರು. ಅವರು ಮೀನು ತಿನ್ನುವವರಲ್ಲ. ಆ ಮಡಕೆಯ ಮುಚ್ಚಳವನ್ನು ಎಂದೂ ತೆಗೆದು ನೋಡಿದವರೂ ಅಲ್ಲ.

ಅಲ್ಲಿಂದ ಶೆಟ್ಟರ ದಿನ ಮಡಕೆಯ ಮುಂದೆ ಶುರುವಾಗುತ್ತಿತ್ತು. ಮೊದಮೊದಲು ಹೊಟ್ಟೆ ತೊಳಸುತ್ತಿತ್ತು. ಅದನ್ನು ಬರೀ ನೋಡಿದರು. ಕ್ರಮೇಣ ತೊಳಸುವುದು ನಿಂತಿತು. ಬಾಯಿಯಲ್ಲಿ ಉಗುಳು ತುಂಬುವುದು, ಮೂಗಿನ ಹೊಳ್ಳೆ ಮುಚ್ಚುವುದು, ಮೈ ತಾನಾಗಿ ಹಿಂದೆ ಜಗ್ಗುವುದು ಎಲ್ಲವೂ ನಿಂತಾಗ ಅವರಿಗೆ ಏನೋ ಸಾಧಿಸಿದಂತೆ ಅನಿಸಿ, ದಿನವೂ ಒಂದು ನಗು ಬರತೊಡಗಿತು. ಹೇಸಿಗೆಯನ್ನು ಬಿಟ್ಟುಬಿಟ್ಟೆ ಎಂದು ಬ್ರಹ್ಮಾವರದಲ್ಲಿ ಹೇಳಿ ಶಾಬಾಸ್ ಅನ್ನಿಸಿಕೊಂಡರು.

ಗಿರಾಕಿಗಳು ಏನೂ ಹೇಳುತ್ತಿರಲಿಲ್ಲ. ಟೆಂಪೋ ಓಡಿಸುವ ಗಣಪ ಉಪ್ಪುಂದದಿಂದ ಮೀನು ತಂದು ಇಳಿಸಿ, ಅಲ್ಲೇ ಕೂತು ಊಟ ಮಾಡುತ್ತಿದ್ದ. "ಶೆಟ್ರೆ, ನಿನ್ನಿದ್ ಹಾಕಿ, ನಿನ್ನಿದ್," ಎಂದು ಬಟ್ಟಲು ಚಾಚುತ್ತಿದ್ದ. ಅಡುಗೆಯ ಸೀತು ತನ್ನ ಊಟಕ್ಕೆ ಮಾತ್ರ ಮನೆಯಿಂದ ಬುತ್ತಿ ತರಲು ಶುರು ಮಾಡಿದ್ದಳು. ಕೇಳಿದರೆ, "ನಂಗ್ ಮೀನ್ ಆತ್ತಿಲ್ಲೆ ಅಂದ್ರ್ ಡಾಕ್ಟ್ರ್," ಎಂದು ನಗುತ್ತಿದ್ದಳು. ಅವಳ ಬುತ್ತಿಯಲ್ಲಿ ಹುರಿದ ಬಂಗುಡೆ ಮೀನು ಇರುತ್ತಿದ್ದದ್ದನ್ನು ಕುಸುಮಾವತಿ ಕಂಡಿದ್ದರು.

ಮಗಳು ಶರಣ್ಯಾಳ ಬಯಕೆ ಊಟ ಹತ್ತಿರವಾದಾಗ ಕುಸುಮಾವತಿಗೆ ಸುಮ್ಮನಿರಲು ಆಗಲಿಲ್ಲ. ಬ್ರಹ್ಮಾವರಕ್ಕೆ ಮದುವೆಯಾಗಿ ಹೋದ ಮಗಳು ಚೊಚ್ಚಲ ಬಸುರಿ. ಊಟಕ್ಕೆ ಕರೆಯಲು ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ: ಅಜ್ಜಯ್ಯನ ಸಾರು.

"ಬಸ್ರಿ ಹೆಂಗ್ಸ್. ಹೊಟ್ಟೆ ಕೆಟ್ರೆ ಎರಡ್ ಜೀವ," ಎಂದರು ಕುಸುಮಾವತಿ. "ಅದನ್ನ ಚೆಲ್ಲಿ. ನಾನ್ ಹೊಸತಾಯಿ ಮಾಡಿ ಅದೇ ಅಂದ್ ಬಡ್ಸ್ತೆ."

"ಸುಳ್ಳ್ ಹೇಳುದಾ? ಸಮಾ ಕುದಿಸ್ರೆ ಎಂತ ಆತ್ತಿಲ್ಲೆ. ನಿಂಗ್ ಹೇಸ್ಗಿ ಇಪ್ಪುದ್ ಮನಸ್ಸಲ್ಲ್, ಸಾರಲ್ಲ್ ಅಲ್ಲ. ಮನಸ್ಸಿಂದ ಬಿಡ್ಕ್ ಅದನ್ನ."

ಕುಸುಮಾವತಿ ಗಂಡನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. "ಮಾರಾಯ್ರೆ, ದೀಪದ ಕಥೆ ನೀವೇ ಹೇಳದ್ದಲ್ದಾ? ಸುಟ್ಟ ಎಣ್ಣೆನ ಯಾರಾರು ಒಟ್ಟ್ ಮಾಡಿ ಇಟ್ಕಂತ್ರಾ?"

ಹೆಂಗಸರ ಜೊತೆ ಧರ್ಮದ ಮಾತು ಆಡಿ ಪ್ರಯೋಜನವಿಲ್ಲ ಎಂದು ಶೆಟ್ಟರು ಮುಗುಳ್ನಕ್ಕರು. ಆ ಮುಗುಳ್ನಗೆಯನ್ನು ಕಂಡರೆ ಕುಸುಮಾವತಿಗೆ ಮಡಕೆಗಿಂತ ಹೆಚ್ಚು ವಾಕರಿಕೆ ಬರುತ್ತಿತ್ತು.

ಬಯಕೆಯ ದಿನ ಹೋಟೆಲಿಗೆ ರಜೆ. ಅದರ ಹಿಂದಿದ್ದ ತಮ್ಮ ಮನೆಯ ಜಗಲಿಯಲ್ಲಿ ಹೆಂಗಸರು ತುಂಬಿದ್ದರು. ಮಲ್ಲಿಗೆ ಮುಡಿದು, ಹಸಿರು ಬಳೆ ತೊಟ್ಟು ಶರಣ್ಯಾ ದೊಡ್ಡ ಬಾಳೆಎಲೆಯ ಮುಂದೆ ಕೂತಳು. ಸಿಹಿ ಬಂತು, ಕೋಳಿ ಬಂತು, ಹುರಿದ ಕಾಣೆ ಮೀನು ಬಂತು. ಅವಳು ಎಲ್ಲವನ್ನೂ ಒಂದೊಂದು ಚೂರು ಬಾಯಿಗಿಟ್ಟು, ತಂದೆಯ ಕಡೆ ತಿರುಗಿದಳು.

"ಅಪ್ಪಯ್ಯ, ಸಾರ್ ಎಲ್ಲಿತ್?"

ಕುಸುಮಾವತಿ ಸೌಟನ್ನು ತಂದು ಗಂಡನ ಕೈಗೆ ಕೊಟ್ಟರು. "ನೀವೇ ಬಡ್ಸಿ. ನನ್ ಕೈಂದ ಆಪುದಲ್ಲ."

ಶೆಟ್ಟರು ಹೋಟೆಲಿನ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದರು. ಬೆಳಿಗ್ಗೆಯೇ ಕುದಿಸಿ ಇಳಿಸಿದ್ದರು. ಮೇಲೆ ಕೆಂಪು ಎಣ್ಣೆ ಹೊಳೆಯುತ್ತಿತ್ತು, ನೋಡಲು ಚಂದವಾಗಿತ್ತು. ಮಗಳಿಗೆ ಅಜ್ಜಯ್ಯನದ್ದೇ ಸಿಗಲಿ ಎಂದು ಸೌಟನ್ನು ತಳದವರೆಗೆ ಇಳಿಸಿ ಗೋರಿದರು. ಮೇಲೆ ಬಂದದ್ದು ಬೂದು ಬಣ್ಣದ ಲೋಳೆ. ಸೌಟಿನ ಅಂಚಿನಿಂದ ಮಡಕೆಗೆ ಅದರ ಎಳೆ ಜೋತುಬಿತ್ತು. ಅಲ್ಲಾಡಿಸಿದರೂ ತುಂಡಾಗಲಿಲ್ಲ. ಲೋಳೆಯೊಳಗೆ ಮೀನಿನ ಮುಳ್ಳು ಮೆತ್ತಗಾಗಿ ದಾರದಂತೆ ಬಾಗಿತ್ತು. ಅವರು ಧ್ಯಾನದಲ್ಲಿನಂತೆ ಉಸಿರನ್ನು ಗಮನಿಸಿದರು. ಲೋಳೆ. ಬರೀ ಲೋಳೆ. ಮೇಲಿನ ಕೆಂಪು ಸಾರನ್ನು ಬೆರೆಸಿ, ಬಟ್ಟಲು ತುಂಬಿ, ಜಗಲಿಗೆ ತಂದು ಮಗಳ ಕೈಗೆ ಕೊಟ್ಟರು.

ಶರಣ್ಯಾ ಬಟ್ಟಲನ್ನು ಮುಖದ ಹತ್ತಿರ ತಂದಳು. ಅವಳ ಮೂಗಿನ ಹೊಳ್ಳೆಗಳು ಪಕ್ಕನೆ ಮುಚ್ಚಿಕೊಂಡವು. ಕತ್ತು ಒಂದಿಷ್ಟೇ ಹಿಂದೆ ಸರಿಯಿತು. ಮರುಕ್ಷಣ ಅವಳು ತಲೆಯೆತ್ತಿ, ತಂದೆ ನೋಡುತ್ತಿದ್ದಾರೆಂದು ತಿಳಿದು, ನಕ್ಕಳು.

ಆ ನಗು ಶೆಟ್ಟರಿಗೆ ಗೊತ್ತಿದ್ದ ನಗು. ತಾವು ದಿನವೂ ಮಡಕೆಯ ಮುಂದೆ ನಗುವ ನಗು ಅದು. ಸೀತು ಬುತ್ತಿ ಬಿಚ್ಚುವಾಗ ನಗುತ್ತಿದ್ದದ್ದೂ ಅದೇ. ಮಗಳು ಅವರಿಗಾಗಿ ಆ ಕೊಳೆತದ್ದನ್ನು ನುಂಗಲು ಹೊರಟಿದ್ದಳು, ಹೊಟ್ಟೆಯೊಳಗಿನ ಕೂಸಿನ ಸಮೇತ.

ಬಟ್ಟಲು ತುಟಿಗೆ ತಾಗುವಷ್ಟರಲ್ಲಿ ಶೆಟ್ಟರ ಕೈ ಬೀಸಿತು. ಬಟ್ಟಲು ಹಾರಿ ಕಂಬಕ್ಕೆ ಬಡಿಯಿತು. ಸಾರು ಬಾಳೆಎಲೆಯ ಮೇಲೆ, ಹೊಸ ಸೀರೆಯ ನೆರಿಗೆಯ ಮೇಲೆ, ಹತ್ತಿರ ಕೂತ ಹೆಂಗಸರ ಮೇಲೆ ಚೆಲ್ಲಿತು.

"ಅಯ್ಯೋ! ಎಂತ ಆಯ್ತ್ ಇವ್ರಿಗೆ?" ಎಂದು ಯಾರೋ ಕೂಗಿದರು. "ಬಯ್ಕಿ ಎಲಿಗೆ ಕೈ ಬೀಸುದಾ?"

"ಕುಡ್ದಿಯಾ ನೀನ್?" ಶೆಟ್ಟರು ಮಗಳ ಗಲ್ಲ ಹಿಡಿದು ಕೇಳಿದರು. "ಬಾಯ್ ತೆಗಿ, ಕಾಂಬ. ಒಳಗ್ ಹೋಯ್ತಾ?"

"ಇಲ್ಲ ಅಪ್ಪಯ್ಯ. ತಾಗ್ಲೇ ಇಲ್ಲ."

ಆಗ, ಬಿಟ್ಟುಬಿಟ್ಟೆ ಎಂದುಕೊಂಡಿದ್ದ ಹೇಸಿಗೆ ಅಷ್ಟೂ ಒಟ್ಟಿಗೆ ತಿರುಗಿ ಬಂತು. ಶೆಟ್ಟರು ಅಂಗಳಕ್ಕೆ ಇಳಿಯುವ ಮೊದಲೇ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡರು. ತೆಂಗಿನ ಬುಡಕ್ಕೆ ಹೋಗಿ ಮತ್ತೆ ಮಾಡಿಕೊಂಡರು. ಏನೂ ಉಳಿಯದೆ ಬರೀ ಹಳದಿ ನೀರು ಬರುವವರೆಗೆ, ಮರವನ್ನು ತಬ್ಬಿಕೊಂಡು ಓಕರಿಸಿದರು. ಕುಸುಮಾವತಿ ಚೆಂಬಿನಲ್ಲಿ ನೀರು ತಂದು ನಿಂತರು.

"ಈಗ ಸರಿ ಆಯ್ತ್ ನಿಮ್ಗ್," ಎಂದರು. ದನಿಯಲ್ಲಿ ಕುಚೋದ್ಯ ಇರಲಿಲ್ಲ.

ಮಡಕೆಯನ್ನು ಶೆಟ್ಟರೇ ಹೊತ್ತುಕೊಂಡು ಹೋದರು, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹಿತ್ತಲ ಮೂಲೆಯಲ್ಲಿ ಹೊಂಡ ತೋಡಿ ಬಗ್ಗಿಸಿದರು. ಕೆಂಪು ಸಾರು ಹರಿಯಿತು. ಅದರ ಹಿಂದೆ ಲೋಳೆ ಜಾರಿತು. ತಳ ಮಾತ್ರ ಬೀಳಲಿಲ್ಲ. ಹಾರೆಯ ತುದಿಯಿಂದ ಕೆರೆಯಬೇಕಾಯಿತು. ಕಪ್ಪು ರೊಟ್ಟಿಯಂತೆ ಪದರ ಪದರವಾಗಿ ಎದ್ದು ಬಂತು. ಒಂದು ಪದರದಲ್ಲಿ ಮೀನಿನ ಕಣ್ಣು, ಇನ್ನೊಂದರಲ್ಲಿ ಕೂದಲು, ಒಂದರಲ್ಲಿ ಯಾವ ಕಾಲದ್ದೋ ಜಿರಳೆಯ ರೆಕ್ಕೆ. ಇದರಲ್ಲಿ ಅಪ್ಪ ಎಲ್ಲಿದ್ದಾನೆ ಎಂದು ಅವರು ಹುಡುಕಿದರು. ಇಷ್ಟು ದಿನ ಮಡಕೆಯ ಮುಂದೆ ಕಣ್ಣು ಮುಚ್ಚಿ ಕೂತು ನೋಡಿದ್ದು ತಮ್ಮ ಶಾಂತಿಯನ್ನು ಮಾತ್ರ, ಮಡಕೆಯನ್ನಲ್ಲ ಎಂದು ಆಗ ಹೊಳೆಯಿತು. ಅಜಿತರು ಹೇಳಿದ್ದು ಇದ್ದದ್ದನ್ನು ಇದ್ದ ಹಾಗೆ ನೋಡಿ ಎಂದು. ಮೂಗು ಅದನ್ನು ಮೊದಲ ದಿನವೇ ಹೇಳಿತ್ತು.

ಬೇಲಿಯ ಮೇಲೆ ಕೂತ ಕಾಗೆ ಹೊಂಡದ ಅಂಚಿಗೆ ಇಳಿದು, ಒಂದು ಸಲ ಬಗ್ಗಿ ನೋಡಿ, ಹಾರಿಹೋಯಿತು. ಶೆಟ್ಟರು ಸುಣ್ಣ ಸುರಿದು ಮಣ್ಣು ಮುಚ್ಚಿದರು. ಮಡಕೆಯನ್ನು ಬೂದಿ ಹಾಕಿ ತಿಕ್ಕಿದರು, ಬಿಸಿನೀರು ಹೊಯ್ದರು, ಬಿಸಿಲಿಗೆ ಇಟ್ಟು ಮೂಸಿದರು. ಆ ಕಮಟು ಮಣ್ಣಿನ ಒಳಗೇ ಇಳಿದಿತ್ತು. ಹಾರೆಯ ಒಂದೇ ಏಟಿಗೆ ಮಡಕೆ ಒಡೆಯಿತು. ಮಂಜಯ್ಯ ಶೆಟ್ಟರು ತೀರಿಕೊಂಡಾಗ ಅಳದಿದ್ದ ಉಮಾನಾಥರು, ಚೂರುಗಳನ್ನು ಆರಿಸುತ್ತ ಅತ್ತರು. ಅಳುವಾಗಲೂ ಕೈಯ ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಇದ್ದರು.

ಮರುದಿನ ಹೊಸ ಮಡಕೆಯಲ್ಲಿ ಹೊಸ ಸಾರು. ಹುಳಿ, ಖಾರ, ಉಪ್ಪು ಎಲ್ಲ ಮಂಜಯ್ಯ ಶೆಟ್ಟರ ಕಾಲದ ಅಳತೆಗೆ. ಸೀತು ಮೊದಲ ಬಾರಿಗೆ ತನ್ನ ಬುತ್ತಿ ಬಿಚ್ಚದೆ ಹೋಟೆಲಿನ ಸಾರನ್ನೇ ಅನ್ನಕ್ಕೆ ಹಾಕಿಕೊಂಡಳು. ಶೆಟ್ಟರು ಕಂಡೂ ಕಾಣದಂತೆ ತಲೆ ತಗ್ಗಿಸಿದರು.

ಗಣಪ ಮೀನಿನ ಬುಟ್ಟಿ ಇಳಿಸಿ ಕೂತ. "ಶೆಟ್ರೆ, ನಿನ್ನಿದ್ ಹಾಕಿ."

"ನಿನ್ನಿದ್ ಇಲ್ಲ. ಇವತ್ತಿಂದೇ."

ಗಣಪ ಎರಡು ತುತ್ತು ತಿಂದ. ನಾಲಿಗೆ ಚಪ್ಪರಿಸಿದ. ಮೂರನೆಯ ತುತ್ತಿಗೆ ತಲೆ ಕೆರೆದುಕೊಂಡ. "ಲಾಯ್ಕಿತ್ತ್. ಆದ್ರೆ ಎಂತದೋ ಒಂದ್ ಕಮ್ಮಿ ಕಾಣಿ. ಮುಂಚಿನ್ ಸಾರಲ್ಲಿ ಇದ್ದಿತ್ ಅದ್. ಎಂತದ್ ಅಂದೇ ಗೊತ್ತಾತ್ತಿಲ್ಲೆ."

ಎಂತದ್ದು ಎಂದು ಶೆಟ್ಟರಿಗೆ ಗೊತ್ತಿತ್ತು. ಹೊಟ್ಟೆಯಿಂದ ಹುಳಿ ತೇಗು ಮೇಲೆ ಬಂತು. ಅದನ್ನು ಅವರು ಗಮನಿಸುತ್ತ ಕೂರಲಿಲ್ಲ, ನೀರು ಕುಡಿದು ಇಳಿಸಿದರು.

"ಒಂಚೂರ್ ಉಳ್ಸಿ ಇಡಿ," ಎಂದ ಗಣಪ ಕೈ ತೊಳೆಯುತ್ತ. "ನಾಳಿಗ್ ರುಚಿ ಹಿಡಿತ್ತ್."

"ನಾಳಿಗೆ ಇದ್ ಇಪ್ಪುದಿಲ್ಲ, ಗಣಪ," ಎಂದರು ಶೆಟ್ಟರು. ಮಡಕೆಯನ್ನು ಓರೆ ಮಾಡಿ, ತಳದಲ್ಲಿ ಉಳಿದ ಕೊನೆಯ ಸೌಟನ್ನು ಅವನ ಹಿಂದೆ ಕೂತ ಗಿರಾಕಿಯ ತಟ್ಟೆಗೆ ಬಡಿಸಿದರು. ಆಮೇಲೆ ಬರಿದಾದ ಮಡಕೆಯೊಳಕ್ಕೆ ಮುಖ ಇಳಿಸಿ, ಕಣ್ಣು ತೆರೆದೇ, ಮೂಸಿ ನೋಡಿದರು.