ಗೋಡೆಯ ಆರು ಪೈಪುಗಳು

ಬಟ್ಟೆ ಒಣಗಿಸುವ ಹಗ್ಗ ಮತ್ತೆ ಜೋತುಬಿದ್ದಿತ್ತು. ಮಗಳು ಮರ್ವಾಳ ಯೂನಿಫಾರ್ಮಿನ ಅಂಚು ನೆಲ ಮುಟ್ಟುವುದನ್ನು ಕಂಡು ನಾಝಿಮಾ ಬಕೆಟ್ ಕೆಳಗಿಟ್ಟಳು. ಹಗ್ಗದ ಒಂದು ತುದಿ ಮಲಗುವ ಕೋಣೆಯ ಕಿಟಕಿ ಸರಳಿಗೆ, ಇನ್ನೊಂದು ಹಿಂದಿನ ಗೋಡೆಯ ಕೊಕ್ಕೆಗೆ. ಈ ಮಳೆಗಾಲದಲ್ಲಿ ಅದನ್ನು ಬಿಗಿದು ಕಟ್ಟುತ್ತಿರುವುದು ಇದು ಮೂರನೆಯ ಸಲ. ಗಂಟಿಗೆ ಕೈ ಹಾಕಿದವಳು ಹಾಗೆಯೇ ನಿಂತಳು. ಹಗ್ಗ ಉದ್ದವಾಗಿಲ್ಲ. ಗೋಡೆ ಹತ್ತಿರ ಬಂದಿದೆ.

ದೇರೆಬೈಲಿನ ಆ ಇಳಿಜಾರಿನಲ್ಲಿ ಮನೆಗಳು ಮೆಟ್ಟಿಲಿನ ಹಾಗೆ ಒಂದರ ತಲೆಯ ಮೇಲೊಂದು. ಮೇಲಿನದು ಚಿತ್ತರಂಜನ ಶೆಟ್ಟರದು, ಕೆಳಗಿನದು ನಾಝಿಮಾಳದು. ನಡುವೆ, ಶೆಟ್ಟರ ಅಂಗಳದ ಮಣ್ಣು ಜಾರದಂತೆ ಅವರೇ ಕಟ್ಟಿಸಿದ ಹನ್ನೊಂದು ಅಡಿಯ ಕೆಂಪುಕಲ್ಲಿನ ತಡೆಗೋಡೆ. ಅದಕ್ಕೀಗ ಹೊಟ್ಟೆ ಬಂದಿತ್ತು. ಕೊಕ್ಕೆಯ ಪಕ್ಕದಿಂದ ಹೊರಟ ಬಿರುಕೊಂದು ಕಲ್ಲಿನ ಸಂದಿ ಹಿಡಿದು ಕೆಳಗಿಳಿದಿತ್ತು. ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ನಾಝಿಮಾಳಿಗೆ ಬಿರುಕು ಕಂಡರೆ ಹೆದರುವ ಮೊದಲು ಅಳೆಯುವ ರೂಢಿ. ಅದರ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಳು. ನಾಲ್ಕನೆಯ ದಿನ ಬಿರುಕು ಗೆರೆ ದಾಟಿ ಒಂದು ಗೇಣು ಹೋಗಿತ್ತು. ಗೋಡೆಯಿಂದ ಮೂರು ಹೆಜ್ಜೆಗೆ ಕಿಟಕಿ. ಕಿಟಕಿಯ ಒಳಗೆ ಮರ್ವಾಳ ಮಂಚ.

ಅವಳು ಮೇಲಿನ ಮನೆಗೆ ಹೋದಳು. ಮರ್ಯಾದೆಗೇನೂ ಕಡಿಮೆಯಿರಲಿಲ್ಲ. ಶೆಟ್ಟರು ಕುರ್ಚಿ ಎಳೆದು ಕೊಟ್ಟರು, ಅವರ ಹೆಂಡತಿ ಗುಲಾಬಿಯಕ್ಕ ಚಾ ತಂದಿಟ್ಟರು. ಹಬ್ಬ ಬಂದರೆ ಎರಡೂ ಮನೆಗಳ ನಡುವೆ ಪಾಯಸದ ಪಾತ್ರೆ ಓಡಾಡುತ್ತಿತ್ತು. ಶೆಟ್ಟರು ಎಲ್ಲ ಕೇಳಿ, ಗೋಡೆ ಹದಿನೆಂಟು ಮಳೆ ಕಂಡಿದೆ, ಈಗ ಮಾತ್ರ ಎಂತ ಆಯಿತು ಎಂದರು. ನಿಮ್ಮವರು ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕುವಾಗ ಬುಡ ಕೆದಕಿರಬೇಕು ಎಂದರು.

“ಬುಡಕ್ಕೆ ನಾವು ಕೈ ಹಾಕಲಿಲ್ಲ. ನಿಮ್ಮ ಮನೆ ಮಾಡಿನ ಮಳೆನೀರೆಲ್ಲ ಆ ಮೂಲೆಗೇ ಬೀಳ್ತದೆ. ಹೊರಗೆ ಹೋಗಲಿಕ್ಕೆ ಗೋಡೆಯಲ್ಲಿ ಒಂದು ತೂತು ಇಲ್ಲ.”

“ಆರು ಪೈಪ್ ಉಂಟು. ನಾನೇ ನಿಂತು ಇಡಿಸಿದ್ದು.”

“ಒಂದು ತೋರಿಸಿ.”

ಶೆಟ್ಟರು ನಕ್ಕರು. “ಗುಡ್ಡ ತಗ್ಗಿಸಿ ಮನೆ ಕಟ್ಟುವಾಗ ನಿಮ್ಮವರು ಇದನ್ನೆಲ್ಲ ಯೋಚಿಸಬೇಕಿತ್ತು, ಮಾರಾಯ್ತಿ.”

ನಿಮ್ಮವರು. ಎರಡು ಸಲ. ಯಾರು ನಮ್ಮವರು? ಪರದೇಶದ ದಮ್ಮಾಮಿನಲ್ಲಿ ಬಿಸಿಲಿಗೆ ಬೇಯುತ್ತಿರುವ ಗಂಡ ಅಝರನೋ, ಎಂಟು ವರ್ಷದ ಮರ್ವಾಳೋ? ಪಾಯಸ ಕಳಿಸುವಾಗ ಇಲ್ಲದ ನಿಮ್ಮವರು ಗೋಡೆ ಬೀಳುವಾಗ ಎಲ್ಲಿಂದ ಬಂದರು? ನಾಝಿಮಾ ಚಾ ಮುಟ್ಟದೆ ಎದ್ದಳು. ಸಿಟ್ಟಿನಲ್ಲೇ ಮೆಟ್ಟಿಲಿಳಿದಳು.

ಶೆಟ್ಟರ ಸುಳ್ಳನ್ನು ತಜ್ಞರ ಬಾಯಿಂದಲೇ ಹೊರಗೆಡಹಬೇಕೆಂದು ಮರುದಿನ ಶೆರ್ವಿನ್ ಮೇಸ್ತ್ರಿಯನ್ನು ಕರೆಸಿದಳು. ಅವನು ನೂಲಿಗೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದ. ಗೋಡೆ ನಾಲ್ಕು ಬೆರಳು ಮುಂದೆ ಬಂದಿತ್ತು. ಆಮೇಲೆ ಉಬ್ಬಿಲ್ಲದ ಒಂದು ಬದಿಯಲ್ಲಿ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋದ. ಒಂದು ಕಡೆ ಸದ್ದು ಬದಲಾಯಿತು. ಪಾಚಿ ಕೆರೆದ, ಬಣ್ಣ ಕೆರೆದ. ಕೆಳಗೆ ದುಂಡಗೆ ಪೈಪಿನ ಬಾಯಿ ಕಂಡಿತು, ಬಾಯಿ ತುಂಬ ಸಿಮೆಂಟು.

“ಅಕ್ಕ, ಪೈಪ್ ಉಂಟು. ಯಾರೋ ಮುಚ್ಚಿದ್ದಾರೆ. ಮೇಲಿನವರಲ್ಲ, ಈ ಕಡೆಯಿಂದ.”

ಬಾಗಿಲಲ್ಲಿ ನಿಂತಿದ್ದ ಅತ್ತೆ ಶಮೀಮಾ ಸೆರಗು ಸರಿಮಾಡಿಕೊಂಡರು. ಅಝರ್ ಎರಡು ವರ್ಷದ ಹಿಂದೆ ರಜೆಯಲ್ಲಿ ಬಂದಾಗ ಮುಚ್ಚಿಸಿ ಬಣ್ಣ ಬಳಿಸಿದ್ದು, ಅದರಲ್ಲೇನು ಎನ್ನುವ ದನಿಯಲ್ಲಿ ಹೇಳಿದರು. ಹೊಸ ಇಂಟರ್‌ಲಾಕ್ ಮೇಲೆಲ್ಲ ಕೆಂಪು ನೀರು, ಒಗೆದ ಬಟ್ಟೆಗೆ ಸಿಡಿಯುತ್ತಿತ್ತು.

“ಅವರ ನೀರು ನಮ್ಮ ಅಂಗಳಕ್ಕೆ ಯಾಕೆ ಬರಬೇಕು? ಮುಚ್ಚಿಸು ಅಂತ ನಾನೇ ಹೇಳಿದ್ದು.”

ನಾಝಿಮಾಳಿಗೆ ಆ ಸಂಜೆ ನೆನಪಾಯಿತು. ಡ್ಯೂಟಿ ಮುಗಿಸಿ ಬಂದಾಗ ಗೋಡೆ ಕಲೆಯಿಲ್ಲದೆ ಹೊಳೆಯುತ್ತಿತ್ತು. ಅದರ ಎದುರು ಮರ್ವಾಳನ್ನು ನಿಲ್ಲಿಸಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದಳು. ನೀರು ಎಲ್ಲಿಗೆ ಹೋಯಿತೆಂದು ಕೇಳಿರಲಿಲ್ಲ. ಅವರ ನೀರು, ನಿಮ್ಮವರು. ಎರಡೂ ಒಂದೇ ಬಾಯಿಂದ ಬಂದ ಹಾಗಿತ್ತು. ಸಿಟ್ಟು ಇಳಿಯಲಿಲ್ಲ. ಮೇಲಿನ ಮನೆಯ ಕಡೆಗಷ್ಟೇ ಮುಖ ಮಾಡಿ ನಿಂತದ್ದು ಈಗ ಸುತ್ತಲೂ ನೋಡತೊಡಗಿತು.

ಶೆರ್ವಿನ್ ಮುಚ್ಚಿಡದೆ ಹೇಳಿದ. ಹೊರಬರಲಾಗದ ನೀರೇ ಹಿಂದಿನಿಂದ ಗೋಡೆಯನ್ನು ದೂಡುತ್ತಿದೆ. ಬದಿಯಿಂದ ಒಂದೊಂದೇ ಪೈಪು ಬಿಡಿಸಬಹುದು. ಉಬ್ಬಿದ ಭಾಗವನ್ನು ಮಳೆ ಹೋದ ಮೇಲೆ ಬಿಚ್ಚಿ, ಹಿಂದೆ ಜಲ್ಲಿ ತುಂಬಿ ಹೊಸದಾಗಿ ಕಟ್ಟಬೇಕು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಆದರೆ ಮಾಡಿನ ನೀರು ಅದೇ ಮೂಲೆಗೆ ಸುರಿಯುತ್ತಿದ್ದರೆ ಇದೆಲ್ಲ ವ್ಯರ್ಥ. ಅದಕ್ಕೆ ಶೆಟ್ಟರು ಒಪ್ಪಬೇಕು.

ಮುಚ್ಚಿದ್ದು ನಾವೆಂದು ಅವರಿಗೆ ಹೇಳಬೇಡ, ಎಲ್ಲ ನಮ್ಮ ತಲೆಗೇ ಕಟ್ಟುತ್ತಾರೆ ಎಂದು ಶಮೀಮಾ ಪಿಸುಗುಟ್ಟಿದರು. ನಾಝಿಮಾ ಪೈಪಿನಿಂದ ಕಿತ್ತ ಸಿಮೆಂಟಿನ ಉಂಡೆ ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತಿದಳು. ಶೆಟ್ಟರ ಎದುರಿನ ಟೀಪಾಯಿಯ ಮೇಲೆ, ಪೇಪರಿನ ನಡುವೆ ಇಟ್ಟಳು.

“ನಿಮ್ಮ ಪೈಪ್ ಸಿಕ್ಕಿತು, ಅಣ್ಣ. ಮುಚ್ಚಿದ್ದು ನಾವು.”

“ನಾನು ಹೇಳಲಿಲ್ವಾ?”

“ಹೇಳಿದ್ರಿ. ನಿಮ್ಮವರು ಅಂತಲೂ ಹೇಳಿದ್ರಿ. ಆ ಜಗಳಕ್ಕೆ ಇನ್ನೊಂದು ದಿನ ಬರ್ತೇನೆ. ಈಗ ನಿಮ್ಮ ಮಾಡಿನ ನೀರು ಆ ಮೂಲೆ ಬಿಡಬೇಕು. ಗೋಡೆಯ ಆಚೆ ನನ್ನ ಮಗಳ ಮಂಚ ಉಂಟು.”

ಶೆಟ್ಟರು ಉಂಡೆಯನ್ನು ಕೈಯಲ್ಲಿ ತಿರುಗಿಸಿದರು. ಗೆದ್ದವರ ಮಾತೊಂದು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಎದ್ದು ಚಪ್ಪಲಿ ಹಾಕಿಕೊಂಡರು.

ಮೇಲಿನಿಂದ ನೋಡಿದರೆ ಆ ಗೋಡೆ ನೆಟ್ಟಗೇ ಕಾಣುತ್ತಿತ್ತು. ಕೆಳಗೆ ಬಂದು ನಿಂತ ಶೆಟ್ಟರು ಉಬ್ಬನ್ನು ನೋಡಿದರು, ಪೆನ್ಸಿಲಿನ ತಾರೀಕುಗಳನ್ನು ಓದಿದರು, ಆಮೇಲೆ ಕಿಟಕಿಯೊಳಗೆ ಇಣುಕಿದರು. ದಿಂಬಿನ ಪಕ್ಕ ಮರ್ವಾಳ ಬಣ್ಣದ ಪೆನ್ಸಿಲುಗಳು ಚೆಲ್ಲಿದ್ದವು.

“ಮಗು ಇಲ್ಲಿಯೇ ಮಲಗುವುದಾ?” ಎಂದು ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಆ ಮಧ್ಯಾಹ್ನವೇ ಮುಂಡು ಎತ್ತಿಕಟ್ಟಿ, ಪ್ಲಂಬರಿನ ಜೊತೆ ತಾವೂ ನಿಂತು, ಮಾಡಿನ ಪೈಪನ್ನು ರಸ್ತೆಯ ಚರಂಡಿಯ ಕಡೆಗೆ ತಿರುಗಿಸಿದರು. ಮಳೆ ಮುಗಿದ ಮೇಲೆ ಉಬ್ಬಿದ ಭಾಗ ಬಿಚ್ಚಿ ಕಟ್ಟಿಸುವ ದಿನವನ್ನೂ ಶೆರ್ವಿನ್‌ನ ಹತ್ತಿರ ಗೊತ್ತುಮಾಡಿದರು.

ಆರನೆಯ ಪೈಪು ಬಿಟ್ಟುಕೊಂಡಾಗ ಸಂಜೆಯಾಗಿತ್ತು. ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ಎರಡು ವರ್ಷದ ಕೆಂಪು ನೀರು. ಅದು ತಿಳಿಬಣ್ಣದ ಇಂಟರ್‌ಲಾಕ್ ಮೇಲೆ ಹರಡುತ್ತ ಹೋಯಿತು. ಯಾರೂ ಪೊರಕೆ ತರಲಿಲ್ಲ. ಮರ್ವಾಳ ಮಂಚವನ್ನು ಎದುರಿನ ಕೋಣೆಗೆ ಎಳೆಯುತ್ತಿದ್ದ ನಾಝಿಮಾ ಕಿಟಕಿಯಿಂದ ನೋಡಿದಳು. ಶಮೀಮಾ ಕೊಕ್ಕೆಯಿಂದ ಹಗ್ಗ ಬಿಚ್ಚಿ, ಗೇಟಿನ ಕಂಬಕ್ಕೆ ಬಿಗಿಯಾಗಿ ಕಟ್ಟುತ್ತಿದ್ದರು.

“ಗೋಡೆ ಹತ್ತಿರ ಇನ್ನು ನೀರು ಬೀಳ್ತದಲ್ಲ,” ಎಂದರು, ಯಾರೂ ಕೇಳದಿದ್ದರೂ.